ಕಪ್ಪುಕುಳಿ ಉಗುಳುವುದಿಲ್ಲ

‘ಕಪ್ಪುಕುಳಿ ಕ್ಷ-ಕಿರಣಗಳನ್ನು ಉಗುಳುತ್ತದೆ’ ಎಂಬ ಮಾತನ್ನು ಓದಿದಾಗಲೆಲ್ಲ ನನ್ನದೊಂದು ತಕರಾರು. ಬೆಳಕನ್ನೇ ಬಿಟ್ಟುಕೊಡದ ಕುಳಿಯಿಂದ ಕಿರಣ ಹೊರಬರುವುದು ಹೇಗೆ ಎಂದು ಶಾಲೆಯ ಮಗು ಕೇಳಿದರೆ ಆ ಮಾತು ಅಲ್ಲಿಗೇ ಕುಸಿಯುತ್ತದೆ. ಬೆಳಗುವುದು ಕುಳಿಯಲ್ಲ, ಅದರ ಹೊರಗಿನ ದ್ರವ್ಯ.

ಬೃಹತ್ ಕುಳಿಯನ್ನು ಸುತ್ತುತ್ತಾ ಒಳಸರಿಯುವ ಅನಿಲದ ತಟ್ಟೆಯೂ ಕ್ಷ-ಕಿರಣದ ಮುಖ್ಯ ಮೂಲವಲ್ಲ. ಕುಳಿ ದೊಡ್ಡದಾದಷ್ಟೂ ತಟ್ಟೆ ತಣ್ಣಗಿರುತ್ತದೆ. ಕೋಟಿಗಟ್ಟಲೆ ಸೂರ್ಯರ ತೂಕದ ಕುಳಿಯ ಬಳಿ ಅದರ ಬಿಸಿ ಲಕ್ಷ ಡಿಗ್ರಿಯ ಆಸುಪಾಸಿನದು, ಹೊಮ್ಮುವುದು ಹೆಚ್ಚಾಗಿ ಅತಿನೇರಳೆ ಬೆಳಕು. ಕುಳಿಯ ಸಮೀಪದಲ್ಲೇ ಇರುವ, ನೂರು ಕೋಟಿ ಡಿಗ್ರಿಯಷ್ಟು ಕಾದ ‘ಕರೋನಾ’ ಎಂಬ ವಿರಳ ಅನಿಲದ ಎಲೆಕ್ಟ್ರಾನುಗಳಿಗೆ ಆ ಬೆಳಕು ಬಡಿದು, ಶಕ್ತಿ ಪಡೆದು ಕ್ಷ-ಕಿರಣವಾಗುತ್ತದೆ.

ಕುಳಿಯ ಬಳಿಯಿಂದ ಹೊರಚಿಮ್ಮುವ ದ್ರವ್ಯದ ಸಪೂರ ಧಾರೆಯಾದ ಜೆಟ್‌ನ ಕಥೆ ಇದಕ್ಕಿಂತ ಸ್ವಾರಸ್ಯದ್ದು. ನಮ್ಮ ಸುಬ್ರಹ್ಮಣ್ಯನ್ ಚಂದ್ರಶೇಖರ್ ಹೆಸರಿನ ಚಂದ್ರಾ ಕ್ಷ-ಕಿರಣ ದೂರದರ್ಶಕ 1999ರ ಜುಲೈಯಲ್ಲಿ ಕಕ್ಷೆ ಸೇರಿತು. ಅದರ ಫೋಕಸ್ ಹೊಂದಿಸಿಕೊಳ್ಳಲು ಬರಿಯ ಚುಕ್ಕಿಯಂತೆ ಕಾಣಬೇಕಾದ ಒಂದು ಕ್ವೇಸಾರ್ (ದ್ರವ್ಯ ನುಂಗುತ್ತಿರುವ ಬೃಹತ್ ಕಪ್ಪುಕುಳಿಯಿಂದಾಗಿ ಬೆಳಗುವ ಗೆಲಕ್ಸಿಯ ನಡುಭಾಗ) ಬೇಕಿತ್ತು. ಆರಿಸಿಕೊಂಡದ್ದು ಸುಮಾರು 600 ಕೋಟಿ ಜ್ಯೋತಿರ್ವರ್ಷ ದೂರದ ಪಿಕೆಎಸ್ 0637-752. ಆದರೆ ಚುಕ್ಕಿಗೆ ಬಾಲವಿತ್ತು! ಅರ್ಧ ಕಿಲೋಮೀಟರ್ ದೂರದಿಂದ ಒಂದು ರೂಪಾಯಿ ನಾಣ್ಯ ಎಷ್ಟು ಕಾಣುತ್ತದೋ ಹೆಚ್ಚುಕಡಿಮೆ ಅಷ್ಟೇ ಉದ್ದದ, ಗಂಟುಗಂಟಾದ ಬಾಲ. ಅದೇ ಜೆಟ್. ಅಲ್ಲಿ ಅದರ ನಿಜವಾದ ಉದ್ದ 2 ಲಕ್ಷ ಜ್ಯೋತಿರ್ವರ್ಷಕ್ಕೂ ಮಿಗಿಲು.

ಜೆಟ್ ಬೆಳಕಿನ ವೇಗದ ಸಮೀಪದಲ್ಲಿ ನಮ್ಮತ್ತ ಧಾವಿಸುತ್ತಿದೆ, ಮಹಾಸ್ಫೋಟದಿಂದ ಉಳಿದು ವಿಶ್ವವನ್ನೆಲ್ಲ ತುಂಬಿರುವ ಹಿನ್ನೆಲೆ ವಿಕಿರಣವೇ ಅದರ ಎಲೆಕ್ಟ್ರಾನುಗಳಿಗೆ ಬಡಿದು ಕ್ಷ-ಕಿರಣವಾಗುತ್ತಿದೆ ಎಂಬ ವಿವರಣೆ ಬಂತು, ಬಹುಕಾಲ ನಿಂತಿತು. ಅದು ನಿಜವಾದರೆ ಗಾಮಾ ಕಿರಣಗಳೂ ಎಡೆಬಿಡದೆ ಬರಬೇಕಿತ್ತು. ಫರ್ಮಿ ದೂರದರ್ಶಕ ವರ್ಷಗಟ್ಟಲೆ ನೋಡಿದರೂ ಅಷ್ಟು ಗಾಮಾ ಕಿರಣ ಸಿಗಲಿಲ್ಲ. 2014ರಲ್ಲಿ 3ಸಿ 273 ಎಂಬ ಕ್ವೇಸಾರ್‌ನ ಜೆಟ್‌ಗೂ, ಮರುವರ್ಷ ಪಿಕೆಎಸ್ 0637-752ರ ಜೆಟ್‌ಗೂ ಆ ವಿವರಣೆ ಬಿದ್ದುಹೋಯಿತು.

ಈಗ ಉಳಿದಿರುವ ಪ್ರಬಲ ವಿವರಣೆ, ಕಾಂತಕ್ಷೇತ್ರದಲ್ಲಿ ಸುತ್ತುವ ಅತಿಶಕ್ತ ಎಲೆಕ್ಟ್ರಾನುಗಳೇ ಆ ಕಿರಣ ಬೀರುತ್ತಿವೆ ಎಂಬುದು. ಅಂಥ ಎಲೆಕ್ಟ್ರಾನುಗಳು ತಮ್ಮ ಶಕ್ತಿಯನ್ನು ಬೇಗ ಕಳೆದುಕೊಳ್ಳುತ್ತವೆ. ಕುಳಿಯ ಬಳಿ ಕಟ್ಟಿಕೊಂಡ ಬುತ್ತಿ ಲಕ್ಷಾಂತರ ಜ್ಯೋತಿರ್ವರ್ಷದ ಪಯಣಕ್ಕೆ ಸಾಲದು. ಹಾಗಾದರೆ ದಾರಿಯುದ್ದಕ್ಕೂ ಅರವಟ್ಟಿಗೆಗಳಿರಬೇಕು, ಎಂದರೆ ಆ ಗಂಟುಗಳಲ್ಲೇ ಎಲೆಕ್ಟ್ರಾನುಗಳು ಮತ್ತೆ ಮತ್ತೆ ಶಕ್ತಿ ತುಂಬಿಕೊಳ್ಳುತ್ತಿರಬೇಕು. ‘ಉಗುಳುವ’ ಕುಳಿಯ ಮಾತು ಮರೆಮಾಚುವುದು ಇದನ್ನೇ.

ಆ ಅರವಟ್ಟಿಗೆ ಯಾವುದು? ಮಾರ್ಕೇರಿಯನ್ 501 ಎಂಬ ಬ್ಲೇಜಾರ್‌ನ (ಜೆಟ್ ನೇರ ನಮ್ಮತ್ತಲೇ ಚಾಚಿರುವ, ಕ್ವೇಸಾರ್‌ನಂಥ ಕಾಯ) ಕ್ಷ-ಕಿರಣದ ಧ್ರುವೀಕರಣವನ್ನು, ಎಂದರೆ ಅದರ ಅಲೆಗಳು ಒಂದೇ ದಿಕ್ಕಿನಲ್ಲಿ ಎಷ್ಟು ಕಂಪಿಸುತ್ತವೆ ಎಂಬುದನ್ನು, 2022ರಲ್ಲಿ ಐಎಕ್ಸ್‌ಪಿಇ ಉಪಗ್ರಹ ಅಳೆದಾಗ ವೇಗದ ಹರಿವು ಡಿಕ್ಕಿಯಾದಾಗ ಏಳುವ ಆಘಾತ ಅಲೆಯತ್ತ ಬೆರಳು ತೋರಿತು. ಅದು ಕುಳಿಗೆ ಹತ್ತಿರದ ಜೆಟ್‌ನ ಮಾತು. ಪಿಕೆಎಸ್ 0637-752ರ ದೂರದ ಗಂಟುಗಳನ್ನು ಒಂದೊಂದಾಗಿ ಬಿಡಿಸಿ ನೋಡುವಷ್ಟು ಆ ಉಪಗ್ರಹದ ಕಣ್ಣು ಚುರುಕಲ್ಲ.