ಕೈಗುಣ ಅನ್ನಬೇಡಿ, ಗಾಳಿ ನೋಡಿ

ಬೆಳಿಗ್ಗೆಯಿಂದ ಮನಸ್ಸಿಗೆ ಸಮಾಧಾನವೇ ಇಲ್ಲ. ಬಟ್ಟೆ ಒಣಹಾಕಲು ಟೆರೇಸಿಗೆ ಹೋಗಿದ್ದೆ. ಮೇಲಿನ ಮನೆ ಆಂಟಿ, ಬೇರು ಬಿಡಲಿ ಅಂತ ಕುಂಡದಲ್ಲಿ ನೆಟ್ಟಿದ್ದ ಐದು ದಾಸವಾಳದ ಕಡ್ಡಿ ಕಿತ್ತು ಕಸದ ಬುಟ್ಟಿಗೆ ಹಾಕುತ್ತಿದ್ದರು. "ನನ್ನ ಕೈಗುಣ ಸರಿ ಇಲ್ಲ ಕಣಮ್ಮ, ಏನು ನೆಟ್ಟರೂ ಬರಲ್ಲ" ಅಂದರು. ಈ ಮಾತು ಕೇಳಿದರೆ ನನಗೆ ಸುಮ್ನೆ ಇರೋಕೆ ಆಗಲ್ಲ.

ಕುಂಡ ಎಲ್ಲಿತ್ತು ಗೊತ್ತಾ? ನೀರಿನ ಟ್ಯಾಂಕ್ ಪಕ್ಕ, ಮಾರ್ಚ್ ಬಿಸಿಲಲ್ಲಿ. ಮೇಲೆ ಪ್ಲಾಸ್ಟಿಕ್ ಕವರ್ ಬಿಗಿಯಾಗಿ ಕಟ್ಟಿತ್ತು. ಯಾವುದೋ ವಿಡಿಯೋದಲ್ಲಿ "ಕವರ್ ಮುಚ್ಚಿ, ಒಂದು ತಿಂಗಳು ಮುಟ್ಟಬೇಡಿ" ಅಂದಿದ್ದರಂತೆ. ಬಿಸಿಲಲ್ಲಿ ಮುಚ್ಚಿಟ್ಟರೆ ಕಡ್ಡಿ ಒಳಗೇ ಬೇಯುತ್ತದೆ. ಅದಕ್ಕೆ ಆಂಟಿಯ ಕೈ ಏನು ಮಾಡೀತು?

ಕಡ್ಡಿಗೆ ಬೇರಿಲ್ಲ. ಆದರೆ ಎಲೆ ಮಾತ್ರ ನೀರು ಬಿಡುತ್ತಲೇ ಇರುತ್ತದೆ. ನಾವು "ಅಯ್ಯೋ ಬಾಡಿತು" ಅಂತ ಬುಡಕ್ಕೆ ಇನ್ನೂ ನೀರು ಸುರಿಯುತ್ತೇವೆ. ಮಣ್ಣಲ್ಲಿ ಗಾಳಿಯಾಡದೆ ಬುಡ ಕೊಳೆಯುತ್ತದೆ, ಮೇಲೆ ಎಲೆ ಒಣಗುತ್ತದೆ. ತೇವ ಬೇಕಾಗಿರೋದು ಎಲೆ ಸುತ್ತಲಿನ ಗಾಳಿಯಲ್ಲಿ. ಮಣ್ಣು ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಅಷ್ಟೇ. ನಾನು ಮರಳು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಸಮಸಮ ಹಾಕುತ್ತೇನೆ. ದೊಡ್ಡ ಎಲೆ ಇದ್ದರೆ ಅರ್ಧ ಕತ್ತರಿಸುತ್ತೇನೆ.

"ನಮ್ಮಜ್ಜಿ ಸುಮ್ನೆ ಬೇಲಿಗೆ ಚುಚ್ಚುತ್ತಿದ್ದರು, ಚಿಗುರುತ್ತಿತ್ತು" ಅಂತ ಯಾರಾದರೂ ಹೇಳೇ ಹೇಳುತ್ತೀರಿ. ನಮ್ಮಜ್ಜಿಯೂ ಚುಚ್ಚುತ್ತಿದ್ದರು. ತೀರ್ಥಹಳ್ಳಿಯಲ್ಲಿ, ಆರಿದ್ರಾ ಮಳೆ ಹಿಡಿದ ಮೇಲೆ, ಹಲಸಿನ ಮರದ ನೆರಳಲ್ಲಿ. ತೇವ, ನೆರಳು, ಗಾಳಿ ಮೂರೂ ಅಲ್ಲೇ ಇತ್ತು. ಅಜ್ಜಿಗೆ ಕಾಲ ಗೊತ್ತಿತ್ತು. ಅದನ್ನು ಕೈಗುಣ ಅಂದುಬಿಟ್ಟರೆ ಅವರ ತಿಳಿವಳಿಕೆಗೆ ಅನ್ಯಾಯ ಅಲ್ವಾ? ಬೆಂಗಳೂರನ್ನು ತಂಪು ಊರು ಅಂತೀವಿ. ತಂಪು ಬೇರೆ, ತೇವ ಬೇರೆ. ಮಾರ್ಚ್ ಮಧ್ಯಾಹ್ನ ಇಲ್ಲಿನ ಗಾಳಿಯಲ್ಲಿ ತೇವಾಂಶ 30%ರ ಆಸುಪಾಸಿಗೆ ಇಳಿಯುತ್ತದೆ. ಬೇರಿಲ್ಲದ ಕಡ್ಡಿಗೆ 80% ಆದರೂ ಬೇಕು. ಅದಕ್ಕೇ ಕವರ್.

ಕವರ್ ಒಳಗೆ ತೆಳುವಾಗಿ ಮಂಜು ಕಟ್ಟಿದ್ದರೆ ಸರಿ. ನೀರು ಧಾರೆಯಾಗಿ ಇಳಿಯುತ್ತಿದ್ದರೆ ಜಾಸ್ತಿ ಆಯಿತು. ಬೆಳಿಗ್ಗೆ, ಸಂಜೆ ಹತ್ತು ನಿಮಿಷ ತೆಗೆದಿಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಹಾಗಂತ ಫ್ಯಾನ್ ಕೆಳಗೆ ಇಡಬೇಡಿ, ಎಲೆಯ ನೀರನ್ನೆಲ್ಲಾ ಹೀರಿಬಿಡುತ್ತದೆ. ಕತ್ತಲೆ ಮೂಲೆಯೂ ಬೇಡ. ಬೇರು ಬಿಡಲು ಬೇಕಾದ ಆಹಾರ ಎಲೆಯೇ ಮಾಡಬೇಕು, ಅದಕ್ಕೆ ಬೆಳಕು ಬೇಕು. ದೀಪ ಹಾಕದೆ ಪೇಪರ್ ಓದುವಷ್ಟು ಬೆಳಕಿರುವ ಕಿಟಕಿ ಸಾಕು. ದೊಡ್ಡಪತ್ರೆಗೆ ಮಾತ್ರ ಕವರ್ ಹಾಕಬೇಡಿ, ಅದರ ಎಲೆಯಲ್ಲೇ ನೀರಿದೆ, ಕೊಳೆತುಹೋಗುತ್ತದೆ.

ಇನ್ನೊಂದು ವಿಷಯ ಹೇಳಲು ನನಗೆ ಈಗಲೂ ಕಷ್ಟ. ಅಮ್ಮ ಹೋದ ಮೇಲೆ ಊರ ಮನೆ ಮಾರಿದೆವು. ಅಂಗಳದ ತಿಳಿ ಹಳದಿ ದಾಸವಾಳದ ಹತ್ತು ಕಡ್ಡಿ ತಂದಿದ್ದೆ. ಮೂರನೇ ವಾರ ಚಿಗುರು ಕಂಡಿತು. ಖುಷಿಯಲ್ಲಿ ಅವತ್ತೇ ಕವರ್ ತೆಗೆದೆ. ಚಿಗುರು ಬಂದರೆ ಬೇರು ಬಂದಂತಲ್ಲ. ಕಡ್ಡಿಯೊಳಗೆ ಉಳಿದಿದ್ದ ಆಹಾರದಿಂದಲೂ ಚಿಗುರುತ್ತದೆ. ಅದು ಆಗ ನನಗೆ ಗೊತ್ತಿರಲಿಲ್ಲ. ನಾಲ್ಕು ದಿನದಲ್ಲಿ ಹತ್ತೂ ಹೋದವು. ಆ ಬಣ್ಣದ ದಾಸವಾಳ ಇಲ್ಲಿ ಲಾಲ್‌ಬಾಗ್ ಹತ್ತಿರದ ಸಿದ್ದಾಪುರದ ನರ್ಸರಿಗಳಲ್ಲಿ ಎಷ್ಟು ಹುಡುಕಿದರೂ ಸಿಗಲಿಲ್ಲ. ಆಗ ನಾನೂ "ನನ್ನ ಕೈಗುಣ" ಅಂತ ಅತ್ತಿದ್ದೆ. ಎರಡು ವರ್ಷ ಏನೂ ನೆಡಲಿಲ್ಲ. ಕಡ್ಡಿಯನ್ನು ಮೆಲ್ಲಗೆ ಎಳೆದು ನೋಡಿ, ಹಿಡಿದುಕೊಂಡಿದ್ದರೆ ಮಾತ್ರ ಕವರ್ ಬಿಚ್ಚಿ, ಅದೂ ಮೊದಲ ದಿನ ಒಂದು ಗಂಟೆ, ಆಮೇಲೆ ಎರಡು, ಹೀಗೆ ಒಂದು ವಾರ ರೂಢಿ ಮಾಡಿಸಿ ಅಂತ ಯಾರಾದರೂ ಆಗ ಹೇಳಿದ್ದರೆ!

ಆಂಟಿಯ ಬುಟ್ಟಿಯಿಂದ ಐದೂ ಕಡ್ಡಿ ಎತ್ತಿಕೊಂಡೆ. ಉಗುರಿನಿಂದ ತೊಗಟೆ ಕೆರೆದು ನೋಡಿದೆ. ಮೂರು ಕಂದು. ಎರಡರಲ್ಲಿ ಇನ್ನೂ ಹಸಿರಿದೆ. ಬುಡ ಹೊಸದಾಗಿ ಗಿಣ್ಣಿನ ಕೆಳಗೆ ಕತ್ತರಿಸಿ, ನನ್ನ ಪೂರ್ವದ ಕಿಟಕಿಯಲ್ಲಿ ಇಟ್ಟಿದ್ದೇನೆ. ಸಂಜೆ ಕವರ್ ತೆಗೆಯುವ ಹೊತ್ತಿಗೆ ಆಂಟಿಯೇ ಕೆಳಗೆ ಬರುತ್ತೇನೆ ಅಂದಿದ್ದಾರೆ.