ಬಾಟಲಿ ವಿದ್ಯೆಯ ಪರವಾಗಿ ಒಂದು ಮನವಿ

ಅಮೆರಿಕದ ಶಾಲಾ ಮಕ್ಕಳಿಗೆ ಸೈನ್ಸ್ ಒಲಿಂಪಿಯಾಡ್ ಎಂಬ ಸ್ಪರ್ಧೆಯೊಂದಿದೆ. ಅದರಲ್ಲಿ ಕಲ್ಲು, ಹಕ್ಕಿ, ಕೀಟಗಳನ್ನು ಗುರುತಿಸುವ ವಿಭಾಗಗಳಿದ್ದು, ಮಕ್ಕಳು ಇಬ್ಬಿಬ್ಬರಾಗಿ ಮೇಜಿನಿಂದ ಮೇಜಿಗೆ ಸಾಗುತ್ತ ಎದುರಿಗಿಟ್ಟ ಮಾದರಿಯ ಹೆಸರನ್ನೂ ಅದರ ವಿವರಗಳನ್ನೂ ಬರೆಯಬೇಕು. ಇಲ್ಲಿಯವರೆಗೆ ಎಲ್ಲವೂ ಸಭ್ಯವಾಗಿಯೇ ಇದೆ. ಆದರೆ ಈ ಮಕ್ಕಳು ತಾವು ಸಿದ್ಧಪಡಿಸಿದ ಟಿಪ್ಪಣಿಗಳ ಬೈಂಡರನ್ನು ಕಂಕುಳಲ್ಲಿಟ್ಟುಕೊಂಡು, ಯಾರ ಭಯವೂ ಇಲ್ಲದೆ, ಹಾಡಹಗಲೇ ಒಳಗೆ ಹೋಗುತ್ತಾರೆ ಎಂದು ತಿಳಿದಾಗ ನನಗೆ ಕೈಕಾಲು ತಣ್ಣಗಾಯಿತು. ಅಲ್ಲಿನ ನಿಯಮ ಪುಸ್ತಕದ ಕಟ್ಟುನಿಟ್ಟೆಲ್ಲ ಬೈಂಡರಿನ ದಪ್ಪಕ್ಕೆ ಮೀಸಲು: ರಿಂಗು 2 ಇಂಚನ್ನು ಮೀರಬಾರದು, ಆ 2 ಇಂಚನ್ನು ರಿಂಗಿನ ಒಳವ್ಯಾಸದಲ್ಲಿಯೇ ಅಳೆಯಬೇಕು, ಮಧ್ಯದಲ್ಲಿ ಹಾಳೆಯನ್ನು ಹೊರತೆಗೆಯಕೂಡದು. ಒಳಗಿರುವ ಮಾಹಿತಿ ಯಾವ ರೂಪದಲ್ಲಿದ್ದರೂ ಎಲ್ಲಿಂದ ತಂದದ್ದಾದರೂ ಆದೀತು. ಬಳೆಗಾರನೂ ಇಷ್ಟು ನಿಷ್ಠೆಯಿಂದ ಅಳತೆ ನೋಡುವುದಿಲ್ಲ.

ಇನ್ನು ಅಂಗರಚನೆಯಂಥ ವಿಭಾಗದಲ್ಲಿ ಬೈಂಡರಿನ ಬದಲು ಒಂದೇ ಒಂದು ಹಾಳೆಯನ್ನು ಒಯ್ಯಬಹುದು, ಎರಡೂ ಬದಿ ಬರೆದುಕೊಳ್ಳಬಹುದು. ಆ ಒಂದು ಹಾಳೆಯಲ್ಲಿ ಇಡೀ ಮನುಷ್ಯನನ್ನು ತುರುಕಲು ಮಕ್ಕಳು ಅಕ್ಷರವನ್ನು ಸಾಸಿವೆಗಿಂತ ಸಣ್ಣದಾಗಿಸುತ್ತಾರೆ. ನಮ್ಮ ಕಾಲೇಜುಗಳ ಎದುರಿನ ಜೆರಾಕ್ಸ್ ಅಂಗಡಿಯವರು ಮೈಕ್ರೋ ಜೆರಾಕ್ಸ್ ಎಂಬ ಹೆಸರಿನಲ್ಲಿ ಸಾಧಿಸಿರುವ ವಿದ್ಯೆ ಇದೇ ಅಲ್ಲವೇ? ಅದೇ ಕೌಶಲ, ಅದೇ ಗಾತ್ರ, ಅದೇ ಶ್ರದ್ಧೆ. ಅಲ್ಲಿ ಕೊರಳಿಗೆ ಪದಕ ಬೀಳುತ್ತದೆ, ಇಲ್ಲಿ ಷರಟಿನ ತೋಳಿನಿಂದ ಹೊರಬಿದ್ದೊಡನೆ ಡಿಬಾರ್ ಆಗುತ್ತದೆ. ಎಷ್ಟು ಪ್ರತಿಭೆಗಳು ತಪ್ಪು ದೇಶದಲ್ಲಿ ಹುಟ್ಟಿ ನಷ್ಟವಾದವೋ ಲೆಕ್ಕವಿಟ್ಟವರಿಲ್ಲ.

ನಾನಂತೂ ಟಿಪ್ಪಣಿಯ ಕಡು ವಿರೋಧಿ. ಪುಸ್ತಕದಲ್ಲಿರುವ ವಿದ್ಯೆಯೂ ಪರರ ಕೈ ಸೇರಿದ ಹಣವೂ ಬೇಕಾದಾಗ ಒದಗುವುದಿಲ್ಲವೆಂದು ಹಿರಿಯರು ಹೇಳಿದ್ದನ್ನು ನಂಬಿ ಬೆಳೆದವನು. ನಮ್ಮ ಪ್ರಾಣಿಶಾಸ್ತ್ರದ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸ್ಪಾಟರ್ ಎಂಬ, ಎದುರಿಗಿಟ್ಟ ಮಾದರಿಯನ್ನು ನೋಡಿ ಹೆಸರು ಬರೆಯುವ ಪವಿತ್ರ ವಿಧಿಯಿತ್ತು. ಉದ್ದನೆಯ ಮೇಜಿನ ಮೇಲೆ, ಪ್ರಾಣಿಗಳ ದೇಹ ಕೆಡದಂತಿಡುವ ಫಾರ್ಮಾಲಿನ್ ತುಂಬಿದ ಬಾಟಲಿಗಳು. ಪ್ರತಿಯೊಂದರ ಮುಂದೆ ಒಂದು ಸಂಖ್ಯೆ. ಗಂಟೆ ಬಾರಿಸಿದಾಗ ಮುಂದಿನ ಬಾಟಲಿಗೆ ಸರಿಯಬೇಕು. ಪುಸ್ತಕವಿಲ್ಲ, ಚೀಟಿಯಿಲ್ಲ, ಪಕ್ಕದವನ ಕಡೆ ಕತ್ತು ಹೊರಳುವಂತಿಲ್ಲ. ಶುದ್ಧ ಜ್ಞಾನ ಮಾತ್ರ.

ಆ ಶುದ್ಧ ಜ್ಞಾನ ಹೀಗಿತ್ತು: ಮುಚ್ಚಳದ ಅಂಚು ಮುಕ್ಕಾಗಿರುವ ಬಾಟಲಿಯಲ್ಲಿರುವುದು ಆಸ್ಕಾರಿಸ್ ಎಂಬ ಜಂತುಹುಳದ ಹೆಣ್ಣು, ನೀರು ಚಹಾದ ಬಣ್ಣಕ್ಕೆ ತಿರುಗಿದ್ದರೆ ಕಪ್ಪೆ, ಸ್ಲೈಡಿನ ಮೂಲೆ ಒಡೆದಿದ್ದರೆ ಹೈಡ್ರಾ, ಬಾಟಲಿಯ ಒಳಗೆ ಏನೂ ಕಾಣದಿದ್ದರೆ ಫ್ಯಾಸಿಯೋಲಾ ಎಂಬ ಚಪ್ಪಟೆ ಹುಳ, ಏಕೆಂದರೆ ಅದು ತಳದಲ್ಲಿ ಕುಸಿದು ಎಷ್ಟೋ ವರ್ಷವಾಗಿತ್ತು. ಈ ವಿದ್ಯೆಯನ್ನು ಹಿರಿಯ ವಿದ್ಯಾರ್ಥಿಗಳು ಪರೀಕ್ಷೆಯ ಹಿಂದಿನ ರಾತ್ರಿ ಹಾಸ್ಟೆಲಿನ ಮಹಡಿಯಲ್ಲಿ ಕಿರಿಯರಿಗೆ ಬಾಯಿಂದ ಬಾಯಿಗೆ ದಾಟಿಸುತ್ತಿದ್ದರು. ಬರೆದುಕೊಳ್ಳುವುದು ನಿಷಿದ್ಧ, ವೇದದಂತೆ ಶ್ರುತಿ. ನಾನು ಪೂರ್ಣ ಅಂಕ ಪಡೆದೆ. ಆಸ್ಕಾರಿಸ್ ಹುಳವನ್ನು ಸರಿಯಾಗಿ ನೋಡಿದ ನೆನಪು ಇಂದಿಗೂ ಇಲ್ಲ, ಮುಚ್ಚಳದ ಮುಕ್ಕು ಮಾತ್ರ ಕಣ್ಣಿಗೆ ಕಟ್ಟಿದಂತಿದೆ.

ಈ ಪದ್ಧತಿಗೆ ಒಂದೇ ಒಂದು ವರ್ಷ ಕುಂದು ಬಂದದ್ದುಂಟು. ಪ್ರಯೋಗಾಲಯದ ಅಟೆಂಡರ್ ದೀಪಾವಳಿಯ ಉತ್ಸಾಹದಲ್ಲಿ ಬಾಟಲಿಗಳನ್ನೆಲ್ಲ ತೊಳೆದು, ಮುಕ್ಕಾದ ಮುಚ್ಚಳಗಳನ್ನು ಬದಲಿಸಿ, ಫಾರ್ಮಾಲಿನ್ ಹೊಸದಾಗಿ ತುಂಬಿಸಿಬಿಟ್ಟ. ಆ ವರ್ಷ ಇಡೀ ತಂಡಕ್ಕೆ ಪ್ರಾಣಿ ಸಾಮ್ರಾಜ್ಯವೇ ಅಪರಿಚಿತವಾಯಿತು. ಹೊರಗಿನಿಂದ ಬಂದಿದ್ದ ಪರೀಕ್ಷಕರು ಉತ್ತರ ಪತ್ರಿಕೆಗಳನ್ನು ನೋಡಿ ಮಕ್ಕಳಲ್ಲಿ ಶಿಸ್ತು ಕಡಿಮೆಯಾಗಿದೆ ಎಂದು ಷರಾ ಬರೆದು ಹೋದರು. ಅಟೆಂಡರ್ ಅಂದಿನಿಂದ ಒರೆಸುವ ಬಟ್ಟೆಯನ್ನು ಮುಟ್ಟಲಿಲ್ಲ.

ಟಿಪ್ಪಣಿಯ ಪಕ್ಷಪಾತಿಗಳು ಒಂದು ವಾದ ಹೂಡುತ್ತಾರೆ. ವಿಜ್ಞಾನಿಗಳೇ ಪುಸ್ತಕ ನೋಡಿ ಗುರುತಿಸುತ್ತಾರಲ್ಲ ಎನ್ನುತ್ತಾರೆ. ಇದಕ್ಕೆ ನನ್ನ ಉತ್ತರ ಸರಳ: ಹಾಗಾದರೆ ಅವರನ್ನೂ ಹಿಡಿಯಬೇಕು. ಫ್ರಾನ್ಸಿನ ಲಾಮಾರ್ಕ್ 1778ರಲ್ಲಿಯೇ ತನ್ನ ದೇಶದ ಗಿಡಗಳ ಬಗೆಗಿನ ಪುಸ್ತಕದಲ್ಲಿ ಎರಡೆರಡು ಆಯ್ಕೆಗಳ ಮೂಲಕ ಗಿಡದ ಹೆಸರಿಗೆ ಕೊಂಡೊಯ್ಯುವ ಕ್ರಮವನ್ನು ಅಚ್ಚು ಹಾಕಿಸಿ ಈ ಸಾಮೂಹಿಕ ನಕಲಿಗೆ ದಾರಿ ಮಾಡಿಕೊಟ್ಟ. ಮದರಾಸು ಪ್ರಾಂತ್ಯದ ಸಸ್ಯಗಳ ಬಗ್ಗೆ ಸಸ್ಯಶಾಸ್ತ್ರಜ್ಞ ಗ್ಯಾಂಬಲ್ ಆರಂಭಿಸಿದ ಸಂಪುಟಗಳು 1915ರಿಂದ 1936ರವರೆಗೆ ಕಂತುಗಳಲ್ಲಿ ಹೊರಬಂದವು. ನಮ್ಮವರೇ ಆದ ಪಾದ್ರಿ ಸೆಸಿಲ್ ಸಲ್ಡಾನ್ಹಾ ಅವರು ನಿಕಲ್ಸನ್ ಜೊತೆ ಸೇರಿ 1976ರಲ್ಲಿ ಹಾಸನ ಜಿಲ್ಲೆಯೊಂದರ ಗಿಡಗಳಿಗೇ ಒಂದು ದಪ್ಪ ಪುಸ್ತಕ ತಂದರು. ಒಣಗಿಸಿದ ಗಿಡಗಳ ಸಂಗ್ರಹವಾದ ಯಾವ ಹರ್ಬೇರಿಯಂಗೆ ಹೋಗಿ ನೋಡಿದರೂ ಡಾಕ್ಟರೇಟ್ ಪಡೆದ ವಯಸ್ಕರು ಒಂದು ಕೈಯಲ್ಲಿ ಮಸೂರ ಹಿಡಿದು, ಇನ್ನೊಂದು ಕೈಯಲ್ಲಿ ಇಂಥ ಪುಸ್ತಕದ ಪುಟ ತಿರುವುತ್ತ, ಎಲೆಗಳು ಎದುರುಬದುರಾಗಿವೆಯೋ ಒಂದಾದ ಮೇಲೊಂದಿವೆಯೋ ಎಂದು ಗಿಡವನ್ನೂ ಪುಟವನ್ನೂ ಮತ್ತೆ ಮತ್ತೆ ನೋಡುತ್ತಿರುತ್ತಾರೆ. ಅಲ್ಲಿಗೆ ಒಮ್ಮೆಯೂ ಸ್ಕ್ವಾಡ್ ಹೋದದ್ದಿಲ್ಲ.

ನೆನಪಿನ ಇನ್ನೊಂದು ಹೆಚ್ಚುಗಾರಿಕೆಯೆಂದರೆ ಅದಕ್ಕೆ ತಿದ್ದುಪಡಿಯ ಕಾಟವಿಲ್ಲ. ನಾನು ಓದುವಾಗ ಕಪ್ಪೆ ರಾನಾ ಟೈಗ್ರೀನಾ ಆಗಿತ್ತು. ವಿಜ್ಞಾನಿಗಳು ಈಗ ಅದನ್ನು ಹಾಪ್ಲೊಬಟ್ರಾಕಸ್ ಟೈಗರಿನಸ್ ಎನ್ನುತ್ತಾರೆ. ನಮ್ಮ ಹೊಲದ ಬದುವಿನ ಕರಿಜಾಲಿ ತಲೆತಲಾಂತರದಿಂದ ಅಕೇಶಿಯಾ ಆಗಿದ್ದುದು, ಆ ಹೆಸರು ಆಸ್ಟ್ರೇಲಿಯಾದ ಬಳಗದ ಪಾಲಾದ ಮೇಲೆ ವಾಚೆಲಿಯಾ ಆಗಿದೆ. ಬೈಂಡರ್ ಇಟ್ಟುಕೊಂಡವರು ಹಾಳೆ ಬದಲಿಸುತ್ತ ಕೂರಬೇಕು. ಬಾಯಿಪಾಠದವನಿಗೆ ಆ ಖರ್ಚಿಲ್ಲ. ಬಾಟಲಿಯ ಚೀಟಿಯಲ್ಲಿಯೂ ಹಳೆಯ ಹೆಸರೇ ಇದೆ, ಪರೀಕ್ಷಕರ ನೆನಪಿನಲ್ಲಿಯೂ ಅದೇ ಇದೆ. ಮೂವರ ನಡುವೆ ಇಂಥ ಒಮ್ಮತ ವಿಜ್ಞಾನದ ಬೇರೆ ಯಾವ ಶಾಖೆಯಲ್ಲಿದೆ?

ಗೆಳೆಯರೊಬ್ಬರು, ಇವರು ಭೂವಿಜ್ಞಾನ ಕಲಿಸುವವರು, ಬೈಂಡರ್ ಇದ್ದ ಮಾತ್ರಕ್ಕೆ ಏನೂ ಆಗುವುದಿಲ್ಲ ಎಂದು ನನಗೆ ತಿಳಿಹೇಳಲು ಬಂದರು. ಕಬ್ಬಿಣದ ಅದಿರುಗಳಾದ ಸಂಡೂರಿನ ಹೆಮಟೈಟನ್ನೂ ಕುದುರೆಮುಖದ ಮ್ಯಾಗ್ನಟೈಟನ್ನೂ ಪಕ್ಕಪಕ್ಕ ಇಟ್ಟರೆ ಎರಡೂ ಕಪ್ಪಾಗಿ, ಭಾರವಾಗಿ ಕಾಣಬಹುದಂತೆ. ಮೆರುಗಿಲ್ಲದ ಪಿಂಗಾಣಿ ಬಿಲ್ಲೆಯ ಮೇಲೆ ಉಜ್ಜಿದರೆ ಮೊದಲನೆಯದು ಕೆಂಗಂದು ಗೆರೆಯನ್ನೂ ಎರಡನೆಯದು ಕಪ್ಪು ಗೆರೆಯನ್ನೂ ಬಿಡುತ್ತದಂತೆ, ಎರಡನೆಯದಕ್ಕೆ ಅಯಸ್ಕಾಂತವೂ ಅಂಟುತ್ತದಂತೆ. ಏನನ್ನು ಉಜ್ಜಬೇಕು, ಏನನ್ನು ಹುಡುಕಬೇಕು ಎಂದು ಗೊತ್ತಿಲ್ಲದವನಿಗೆ ಒಂದೊಂದು ಮೇಜಿನ ಮುಂದೆ ಸಿಗುವ ಕೆಲವೇ ನಿಮಿಷಗಳಲ್ಲಿ ಮುನ್ನೂರು ಪುಟದ ಬೈಂಡರು ದಿಂಬಿಗಷ್ಟೇ ಪ್ರಯೋಜನವೆಂದೂ, ಅದನ್ನು ಸಿದ್ಧಪಡಿಸುವಾಗಲೇ ಮಗು ಅರ್ಧ ವಿಷಯ ಕಲಿತಿರುತ್ತದೆಂದೂ ಅವರ ಅಂಬೋಣ. ಮಗುವಿನ ಬದಲು ಅಪ್ಪನೇ ರಾತ್ರಿಯಿಡೀ ಕೂತು ಪ್ರಿಂಟ್ ತೆಗೆದರೆ ಕಲಿಯುವವರು ಯಾರು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಒಂದು ಅಂಕ ನನ್ನದು. ಕಲ್ಲು ಉಜ್ಜುವ ವಿಷಯಕ್ಕೆ ಬಂದರೆ, ಅದು ಕೂಲಿ ಕೆಲಸ, ವಿದ್ಯೆಯಲ್ಲ. ನಮ್ಮ ಪರೀಕ್ಷೆಗಳಲ್ಲಿ ಸ್ಪಾಟರನ್ನು ಮುಟ್ಟಿದವನಿಗೆ ಬೈಗುಳ ಬೀಳುತ್ತಿದ್ದುದು ಅದಕ್ಕೇ.

ಇಷ್ಟೆಲ್ಲ ಹೇಳಿದ ಮೇಲೆ ಕಳೆದ ಮಳೆಗಾಲದ ಪ್ರಸಂಗವನ್ನು ಮುಚ್ಚಿಡುವುದು ಸರಿಯಲ್ಲ. ಒಂದು ರಾತ್ರಿ ನಮ್ಮ ಬಚ್ಚಲಿನಿಂದ ಕಪ್ಪು ಮೈಯ, ಬಿಳಿ ಪಟ್ಟೆಗಳ ಹಾವೊಂದು ನಡುಮನೆಗೆ ಬಂತು. ನಾನು ಊಟದ ಮೇಜು ಹತ್ತಿ ನಿಂತು ನನ್ನ ನೆನಪನ್ನೆಲ್ಲ ಕಲಕಿದೆ. ಹಾವು ಬಾಟಲಿಯಲ್ಲಿರಲಿಲ್ಲ, ಅದರ ಮುಂದೆ ಸಂಖ್ಯೆಯೂ ಇರಲಿಲ್ಲ, ಮೇಲಾಗಿ ಅದು ಅಲುಗಾಡುತ್ತಿತ್ತು, ಪಠ್ಯಕ್ರಮದಲ್ಲಿ ಇದಕ್ಕೆ ಅವಕಾಶವಿರಲಿಲ್ಲ. ಗಲಾಟೆ ಕೇಳಿ ಬಂದ ಪಕ್ಕದ ಮನೆಯ ಎಂಟನೆಯ ತರಗತಿಯ ಹುಡುಗಿ ಕಿಟಕಿಯ ಹೊರಗೇ ನಿಂತು, ತಾನೇ ಚಿತ್ರ ಬರೆದಿಟ್ಟುಕೊಂಡಿದ್ದ ನೋಟ್‌ಬುಕ್ಕನ್ನು ತೆರೆದು, ಒಮ್ಮೆ ಹಾವನ್ನೂ ಒಮ್ಮೆ ಪುಟವನ್ನೂ ನೋಡಿದಳು. "ಅಂಕಲ್, ಪಟ್ಟೆ ಕುತ್ತಿಗೆ ಹತ್ತಿರಾನೇ ಶುರುವಾಗಿ ಬಾಲದ ಕಡೆ ಮಾಸಿದೆ. ತೋಳಹಾವು ಇರಬೇಕು, ವಿಷ ಇಲ್ಲ. ವಿಷದ ಹಾವು ಕಡಂಬಳ ಆಗಿದ್ದರೆ ಕುತ್ತಿಗೆ ಹತ್ತಿರ ಪಟ್ಟೆ ಸರಿಯಾಗಿ ಕಾಣಲ್ಲ, ಬಾಲದ ಕಡೆ ಚೆನ್ನಾಗಿ ಕಾಣುತ್ತೆ. ಆದರೂ ಹಾವು ಹಿಡಿಯೋರು ಬರೋವರೆಗೆ ನೀವು ಇಳೀಬೇಡಿ" ಎಂದಳು.

ಅರ್ಧ ಗಂಟೆಯ ನಂತರ ಬಂದ ಹಾವು ಹಿಡಿಯುವವರೂ ಅದನ್ನೇ ಹೇಳಿದರು. ಉತ್ತರ ಸರಿಯಾಗಿತ್ತು, ಒಪ್ಪುತ್ತೇನೆ. ಆದರೆ ಆಕೆ ಟಿಪ್ಪಣಿ ನೋಡಿ ಹೇಳಿದ್ದನ್ನು ನಾನು ಕಣ್ಣಾರೆ ಕಂಡಿದ್ದೆನಾದ್ದರಿಂದ, ನಿಯಮಕ್ಕೆ ಬದ್ಧನಾಗಿ, ಮೇಜಿನ ಮೇಲೆ ನಿಂತಲ್ಲಿಂದಲೇ ಆಕೆಗೆ ಸೊನ್ನೆ ಅಂಕ ಕೊಟ್ಟೆ.