ಅಲ್ಲಿ ಜನ ಇದ್ದರು

ಆಸ್ಟ್ರೇಲಿಯಾ ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಲು ಹೊರಟ ಅನ್ವೇಷಕರು ಬರ್ಕ್ ಮತ್ತು ವಿಲ್ಸ್. ಮೆಲ್ಬರ್ನ್‌ನಲ್ಲಿ ಅವರ ದೊಡ್ಡ ಕಂಚಿನ ಪ್ರತಿಮೆ ಇತ್ತು. 1865ರದ್ದು. ಬರ್ಕ್ ನಿಂತಿದ್ದಾನೆ, ಪಕ್ಕದಲ್ಲಿ ವಿಲ್ಸ್ ಕೂತಿದ್ದಾನೆ. 2017ರಲ್ಲಿ ಮೆಟ್ರೋ ಸುರಂಗದ ಕೆಲಸಕ್ಕಾಗಿ ಅದನ್ನು ತೆಗೆದರು. ಇಂಥ ಪ್ರತಿಮೆ ನೋಡಿದವರು, ನರಪಿಳ್ಳೆಯೂ ಇಲ್ಲದ ಮರುಭೂಮಿಯಲ್ಲಿ ಈ ಇಬ್ಬರು ಹಸಿದು ಸತ್ತರು ಅಂದುಕೊಳ್ಳುತ್ತಾರೆ. ಅದು ಸುಳ್ಳು. ಅವರು ಸತ್ತಿದ್ದು ಅಲ್ಲಿನ ಮೂಲನಿವಾಸಿಗಳಾದ ಯಾಂಡ್ರುವಾಂಧಾ ಜನರ ಊರಿನಲ್ಲಿ.

ಕಥೆ ಬಹಳ ಜನರಿಗೆ ಗೊತ್ತು. 1860ರ ಆಗಸ್ಟ್ 20ರಂದು ಹೊರಟ ತಂಡ. ಅದರಲ್ಲಿ ಬರ್ಕ್, ವಿಲ್ಸ್, ಕಿಂಗ್, ಗ್ರೇ ಎಂಬ ನಾಲ್ವರು ಆಸ್ಟ್ರೇಲಿಯಾದ ಉತ್ತರದ ತುದಿಯ ಹತ್ತಿರದವರೆಗೂ ಹೋದರು. ವಾಪಸ್ ಬರುವಾಗ ಗ್ರೇ ತೀರಿಕೊಂಡ. ಉಳಿದ ಮೂವರು 1861ರ ಏಪ್ರಿಲ್ 21ರ ಸಂಜೆ ಕೂಪರ್ಸ್ ಕ್ರೀಕ್ ಎಂಬ ತೊರೆಯ ದಂಡೆಯ ಬಿಡಾರ ಮುಟ್ಟಿದರು. ಅಲ್ಲಿ ನಾಲ್ಕು ತಿಂಗಳು ಇವರಿಗಾಗಿ ಕಾದಿದ್ದ ತಂಡದ ಬೇರೆಯವರು ಅದೇ ದಿನ ಬೆಳಿಗ್ಗೆ ಹೊರಟುಬಿಟ್ಟಿದ್ದರು. ಎಲ್ಲರೂ ಹೇಳುವುದು ಇಷ್ಟನ್ನೇ.

ಆಮೇಲಿನದ್ದು ನನಗೆ ಜಾಸ್ತಿ ಮುಖ್ಯ. ಆ ತೊರೆಯ ದಂಡೆಯಲ್ಲಿ ಜನ ಮೀನು ಹಿಡಿದು ತಿಂದು ಬದುಕುತ್ತಿದ್ದರು. ಈ ಮೂವರಿಗೂ ಮೀನು ತಂದುಕೊಟ್ಟರು. ಬರ್ಕ್ ಅವರನ್ನು ಹೆದರಿಸಲು ತಲೆಯ ಮೇಲಿಂದ ಹಾದುಹೋಗುವಂತೆ ಗುಂಡು ಹಾರಿಸಿದ. ಒಮ್ಮೆಯಂತೂ ಮೀನಿನ ಬಲೆಯನ್ನೇ ಅವರ ಕೈಯಿಂದ ಬೀಳಿಸಿದ. ಹೊಟ್ಟೆಗಿಲ್ಲದೆ ಸಾಯುತ್ತಿದ್ದಾಗಲೂ!

ನಾರ್ಡೂ ಎಂಬ ಜರಿಗಿಡದ ಗಟ್ಟಿ ಕಾಯಿ ಅಲ್ಲಿ ಸಿಗುತ್ತದೆ. ಅದರಲ್ಲಿ ದೇಹದ ಬಿ1 ವಿಟಮಿನ್ ಹಾಳುಮಾಡುವ ಅಂಶವಿದೆ. ಯಾಂಡ್ರುವಾಂಧಾ ಹೆಂಗಸರಿಗೆ ಅದನ್ನು ಹದ ಮಾಡಿ ತಿನ್ನುವ ಕ್ರಮ ಗೊತ್ತಿತ್ತು. ಇವರು ಸುಮ್ನೆ ಕುಟ್ಟಿ ತಿಂದರು. ವಿಲ್ಸ್ ದಿನಚರಿಯಲ್ಲೇ ಬರೆದಿದ್ದಾನೆ, ರುಚಿಯಾಗಿದೆ, ಹಸಿವೂ ಇದೆ, ಆದರೆ ಶಕ್ತಿ ಬರುತ್ತಿಲ್ಲ ಅಂತ. ಓದುವಾಗ ಸಂಕಟವಾಗುತ್ತದೆ.

ಕಿಂಗ್ ಬದುಕಿದ. ಬರ್ಕ್, ವಿಲ್ಸ್ ಸತ್ತ ಮೇಲೆ ಅವನು ಯಾಂಡ್ರುವಾಂಧಾ ಜನರ ಹತ್ತಿರ ಹೋದ. ಒಬ್ಬ ಹೆಂಗಸಿನ ತೋಳಿನ ಹುಣ್ಣು ತೊಳೆದು ಔಷಧಿ ಹಚ್ಚಿದ. ಅವಳು ಅವನಿಗೆ ಊಟ ಕೊಟ್ಟಳು. ಬರ್ಕ್‌ನ ಹೆಣ ಇದ್ದ ಜಾಗಕ್ಕೆ ಆ ಜನರನ್ನು ಕರೆದುಕೊಂಡು ಹೋದಾಗ ಅವರೆಲ್ಲ ಬಿಕ್ಕಿಬಿಕ್ಕಿ ಅತ್ತು, ಸೊಪ್ಪುಸದೆ ಮುಚ್ಚಿದರು ಎಂದು ಕಿಂಗ್‌ನೇ ಹೇಳಿದ್ದಾನೆ. ತಮ್ಮ ಮೇಲೆ ಗುಂಡು ಹಾರಿಸಿದವನಿಗಾಗಿ ಅತ್ತರು. ಸೆಪ್ಟೆಂಬರ್ 15ರಂದು ಹುಡುಕಿ ಬಂದ ತಂಡಕ್ಕೆ ಕಿಂಗ್ ಸಿಕ್ಕಿದ.

ನಮ್ಮ ಕಡೆಯವರೂ ಇದರಲ್ಲಿದ್ದರು. ಈ ತಂಡದ ಒಂಟೆಗಳು ಬ್ರಿಟಿಷ್ ಇಂಡಿಯಾದಿಂದ ಹೋಗಿದ್ದವು, ಜೊತೆಗೆ ಒಂಟೆ ನೋಡಿಕೊಳ್ಳುವವರೂ. ಸಾಮ್ಲಾ ಎಂಬ ಹಿಂದೂ, ಅಲ್ಲಿನ ಊಟ ತಿನ್ನಲಾಗದೆ ಕೆಲವೇ ದಿನಗಳಲ್ಲಿ ಬಿಟ್ಟುಹೋದ. ದೋಸ್ತ್ ಮಹಮದ್‌ನ ತೋಳನ್ನು ಗಂಡು ಒಂಟೆಯೊಂದು ಕಚ್ಚಿ ಹಾಳುಮಾಡಿತು. ಅವನ ಸಮಾಧಿ ಆಸ್ಟ್ರೇಲಿಯಾದ ಮೆನಿಂಡಿ ಎಂಬ ಊರಿನ ಹತ್ತಿರ ಇದೆ. ಆ ಕಡೆ ಹೋಗುವ ಕನ್ನಡಿಗರು ದಯವಿಟ್ಟು ಅಲ್ಲೊಂದು ನಿಮಿಷ ನಿಲ್ಲಿ.

ಪ್ರತಿಮೆಗಳನ್ನು ಒಡೆಯಿರಿ ಅಂತ ನಾನು ಹೇಳುತ್ತಿಲ್ಲ. ಸತ್ತವರ ನೋವು ನಿಜ, ವಿಲ್ಸ್‌ಗೆ ಇನ್ನೂ 27 ವರ್ಷ. ಆದರೆ ಕಿಂಗ್‌ನನ್ನು ಉಳಿಸಿದವರಿಗೆ ಆಗ ಸಿಕ್ಕಿದ್ದು ಅರ್ಧಚಂದ್ರಾಕಾರದ ಹಿತ್ತಾಳೆ ಫಲಕಗಳು. ಅದರಲ್ಲೊಂದು ಈಗ ಕ್ಯಾನ್‌ಬೆರಾದ ಮ್ಯೂಸಿಯಂನಲ್ಲಿದೆ. ಯಾಂಡ್ರುವಾಂಧಾ ಜನ ಇವತ್ತಿಗೂ ಇದ್ದಾರೆ, 2015ರಲ್ಲಿ ನ್ಯಾಯಾಲಯ ಅವರ ನೆಲದ ಹಕ್ಕನ್ನೂ ಒಪ್ಪಿದೆ. ಬರ್ಕ್, ವಿಲ್ಸ್ ಬಗ್ಗೆ ಇನ್ನು ಎಲ್ಲಿ ಏನೇ ಕಲ್ಲು ನೆಟ್ಟರೂ ಅದರ ಮೇಲೆ ಏನು ಬರೆಯಬೇಕು ಅಂತ ಮೊದಲು ಅವರನ್ನು ಕೇಳಬೇಕು.